ಸಿನಿಮಾದ ಅತ್ತೆ ಕೇಳಿದ ಕ್ಷಮೆ

“ಮನಿಗಿ ಬಂದ ಹುಡುಗೀನ್ನ ಉಪಾಸ ಕೆಡವಿದ್ಯಲ್ಲ, ನಿಂದೇನ ಎದಿಯೋ, ಕಲ್ಲೋ?” ಅಥಣಿಯ ನನ್ನ ಹೊಲಿಗೆ ಅಂಗಡಿಯಲ್ಲಿ ನನ್ನ ಅತ್ತೆ, ರವಿಕೆ ಹೊಲಿಸಲು ಬಂದಿದ್ದ ನಟಿಯೊಬ್ಬರನ್ನು ಕೇಳಿಯೇಬಿಟ್ಟರು. ನಾನಾಗ ಆ ನಟಿಯ ಅಳತೆ ತೆಗೆಯುತ್ತಿದ್ದೆ.

ನಾಟಕದಿಂದ ಸಿನಿಮಾಕ್ಕೆ ಹೋಗಿ ಹೆಸರು ಮಾಡಿದ್ದ ಅವರು, ಆಗ ಸ್ವಂತ ನಾಟಕ ಕಂಪನಿಯೊಂದಿಗೆ ನಮ್ಮೂರಿಗೆ ಬಂದಿದ್ದರು. ಹಿಂದೊಮ್ಮೆ ತಾವೇ ನಿರ್ಮಿಸಿದ ಸಿನಿಮಾದಲ್ಲಿ, ಬೇರೆ ಯಾರೂ ಒಪ್ಪದ ಕ್ರೂರ ಅತ್ತೆಯ ಪಾತ್ರವನ್ನು ತಾವೇ ಮಾಡಿದ್ದರು. ಅದನ್ನು ನನ್ನ ಅತ್ತೆ ಆ ವಾರವಷ್ಟೇ ಟಿವಿಯಲ್ಲಿ ನೋಡಿದ್ದರು.

“ಅದು ಬರೇ ಸಿನಿಮಾ ರೀ ಅತ್ತಿ,” ಎಂದೆ. ಆಮೇಲೆ ನಟಿಯ ಕಿವಿಯಲ್ಲಿ, ಅತ್ತೆಯ ಮಗಳು ಗಂಡನ ಮನೆಯವರ ಕಾಟದಲ್ಲೇ ತೀರಿಕೊಂಡಳೆಂದು ಹೇಳಿದೆ. ಅದು ನಾನು ಸೊಸೆಯಾಗಿ ಬರುವ ಮೊದಲೇ ನಡೆದದ್ದು. ಆ ಮಗಳ ಹೆಸರನ್ನು ಅತ್ತೆ ನನ್ನೆದುರು ಒಮ್ಮೆಯೂ ಎತ್ತಿರಲಿಲ್ಲ.

ತಾವು ಮಾಡಿದ್ದು ನಟನೆ ಎಂದು ಆ ನಟಿ ಹೇಳಲಿಲ್ಲ. ಬಗ್ಗಿ ಅತ್ತೆಯ ಕಾಲು ಮುಟ್ಟಿದರು. “ತಪ್ಪಾತ್ರಿ ಯವ್ವಾ. ನಿಮ್ಮ ಮಗಳನ್ನ ಭಾಳ ಕಾಡಿದ್ನಿ. ಹೊಟ್ಯಾಗ ಹಾಕ್ಕೊಳ್ರಿ.”

ಅತ್ತೆ ಕುಸಿದು ಕುಳಿತು, “ಸುವರ್ಣಾ...” ಎಂದು ಮಗಳನ್ನು ಕೂಗಿ ಅತ್ತರು. ಅಳು ತಣ್ಣಗಾಗುವವರೆಗೂ ನಟಿ ನೆಲದ ಮೇಲೆಯೇ ಕುಳಿತು ಅವರನ್ನು ಒರಗಿಸಿಕೊಂಡಿದ್ದರು.

ಈಗ ಅತ್ತೆ ಮಗಳ ಮಾತಾಡುತ್ತಾರೆ. ಸುವರ್ಣಾಗೆ ಹೋಳಿಗೆಗಿಂತ ಕಟ್ಟಿನ ಸಾರೇ ಇಷ್ಟವಾಗುತ್ತಿತ್ತಂತೆ, ಜೋರಾಗಿ ನಕ್ಕರೆ ಬಿಕ್ಕಳಿಕೆ ಬರುತ್ತಿತ್ತಂತೆ. ಎಂದೂ ಕಾಣದ ನಾದಿನಿ ನನಗೆ ಪರಿಚಯವಾದದ್ದು ಹೀಗೆ.