ಮಹಡಿ ಮನೆಯ ಕಸ

ನನ್ನ ಅವ್ವ ಗೋಕಾಕದ ಓಣಿಗಳನ್ನು ಗುಡಿಸುತ್ತಿದ್ದ ಕಾಲದಲ್ಲಿ ಕಸಕ್ಕೂ ಒಂದು ಮರ್ಯಾದೆ ಇತ್ತು. ಬೂದಿ, ಸಗಣಿ, ಕಾಯಿಪಲ್ಲೆಯ ಸಿಪ್ಪೆ, ಅಷ್ಟೇ. ಊರಾಚೆಯ ಗುಂಡಿಯಲ್ಲಿ ಅದು ಕೊಳೆತ ಮೇಲೆ ಮಮದಾಪುರದ ಕಡೆಯ ರೈತರು ಗೊಬ್ಬರಕ್ಕೆಂದು ಟ್ರ್ಯಾಕ್ಟರಿನಲ್ಲಿ ಒಯ್ಯುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಚೀಲ ಬಂತು. ಹೊಲ ಉಳುವಾಗ ರಂಟೆಗೆ ಬರೀ ಚೀಲಗಳೇ ಸುತ್ತಿಕೊಳ್ಳತೊಡಗಿದಾಗ ರೈತರು ಬರುವುದನ್ನು ಬಿಟ್ಟರು. ಗುಂಡಿ ಗುಡ್ಡವಾಯಿತು. ಕಸದ ಮರ್ಯಾದೆ ಹೋಯಿತು. ಅದನ್ನು ಹೊರುವವರಿಗೆ ಮೊದಲೂ ಇರಲಿಲ್ಲ.

ಅವ್ವನ ಪಾಲಿನ ಓಣಿಯಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಮಹಡಿ ಮನೆಯಿತ್ತು. ಆ ಮನೆಯ ಯಜಮಾನಿ ಒಂದು ದಿನವೂ ಕೆಳಗಿಳಿದು ಕಸ ಕೊಟ್ಟವಳಲ್ಲ; ಚೀಲ ಕಟ್ಟಿ ಮೇಲಿಂದಲೇ ಎಸೆಯುತ್ತಿದ್ದಳು. ನಾನು ಏಳನೆಯ ತರಗತಿಯಲ್ಲಿದ್ದಾಗ, ರಜೆಯ ಒಂದು ಬೆಳಿಗ್ಗೆ ಅವ್ವನಿಗೆ ಬುತ್ತಿ ಕೊಡಲು ಹೋಗಿದ್ದೆ. ನನ್ನ ಕಣ್ಣೆದುರೇ ಚೀಲ ಅವಳ ತಲೆಯ ಮೇಲೆ ಬಿದ್ದು ಒಡೆಯಿತು. ಹಳಸಿದ ಸಾರು ಕಿವಿಯ ಹಿಂದಿನಿಂದ ಕುಪ್ಪಸಕ್ಕೆ ಇಳಿಯಿತು.

“ಅಕ್ಕಾರ, ಸ್ವಲ್ಪ ನೋಡಿ ಒಗೀರಿ,” ಎಂದಳು ಅವ್ವ.

“ನೀ ನೋಡಿ ನಿಂದ್ರಬೇಕಿತ್ತು. ಕಸದಾಕಿ ಮೈಗೆ ಕಸ ಹತ್ತಿದ್ರ ಏನಾತು?”

ಅವ್ವ ಸೆರಗಿನಿಂದ ಒರೆಸಿಕೊಂಡು ಮುಂದಿನ ಮನೆಗೆ ನಡೆದಳು. ನಾನು ಆ ಮನೆಯ ಬಾಗಿಲನ್ನು ನೋಡುತ್ತ ನಿಂತೆ. ಎಷ್ಟೋ ವರ್ಷ ನನ್ನ ಸಿಟ್ಟು ಅಲ್ಲಿಯೇ ನಿಂತಿತ್ತು.

ಈಗ ಆ ಓಣಿಗೆ ಕಸದ ಗಾಡಿ ಓಡಿಸುವವಳು ನಾನೇ. ಕೆಲಸಕ್ಕೆ ಸೇರುವಾಗ ನಗರಸಭೆಯವರು ಯಾವ ಓಣಿ ಬೇಕೆಂದಾಗ ಇದನ್ನೇ ಕೇಳಿ ಪಡೆದೆ. ಹಸಿ ಕಸ, ಒಣ ಕಸ ಬೇರೆ ಮಾಡದಿದ್ದರೆ ಒಯ್ಯಬಾರದೆಂಬ ನಿಯಮವಿದೆ. ಬೇರೆ ಮನೆಯವರಿಗೆ ನಾನು ಅಷ್ಟು ಬಿಗಿ ಮಾಡುತ್ತಿರಲಿಲ್ಲ. ಮಹಡಿ ಮನೆಯ ಸೊಸೆ ತರುವ ಬಕೆಟ್ಟನ್ನು ಮಾತ್ರ ದಿನಾ ವಾಪಸು ಕಳಿಸಿದೆ. ಬೇಸಿಗೆ ಬೇರೆ. ವಾರದೊಳಗೆ ಮೆಟ್ಟಿಲ ತುಂಬ ನೊಣ. ಕೊನೆಗೆ ಯಜಮಾನಿಯೇ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಮುದುಕಿಯಾಗಿದ್ದಳು.

“ಏನವಾ, ನಮ್ಮ ಮನಿ ಕಸ ಅಷ್ಟ ಯಾಕ ಒಯ್ಯವಲ್ಲಿ?”

“ಬ್ಯಾರೆ ಮಾಡಿ ಕೊಡ್ರಿ, ಒಯ್ತೀನಿ.”

“ತಡಿ, ಸೊಸಿ ಮಾಡ್ತಾಳ.”

“ಸೊಸಿ ಬ್ಯಾಡ್ರಿ. ನೀವ ಮಾಡ್ರಿ. ನಾ ನಿಂತಿರ್ತೀನಿ.”

ಗಾಡಿ ಬಂದ್ ಮಾಡಿ ಕೆಳಗಿಳಿದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು. ಅವಳು ಮೆಟ್ಟಿಲ ಮೇಲೆ ಕುಳಿತು, ಹುಳ ಬಿದ್ದ ಅನ್ನದೊಳಗೆ ಬರಿಗೈ ಹಾಕಿ ಹಾಲಿನ ಪಾಕೀಟುಗಳನ್ನು ಹೆಕ್ಕಿದಳು. ನನ್ನ ಸೀಟಿನ ಕೆಳಗೆ ರಬ್ಬರಿನ ಕೈಗವಸುಗಳಿದ್ದವು. ಕೊಡಲಿಲ್ಲ. ತಳದಲ್ಲಿ ಉಳಿದ ಒಂದು ಶಾಂಪೂ ಪಾಕೀಟನ್ನೂ ಬೆರಳು ಮಾಡಿ ತೋರಿಸಿದೆ.

ಎಲ್ಲ ಮುಗಿದ ಮೇಲೆ ನಾನು ಯಾರ ಮಗಳೆಂದು ಹೇಳಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದಳು.

“ಎಷ್ಟ ಮಂದಿ ಬಂದ್ರು, ಹೋದ್ರು. ನೆನಪಿಲ್ಲವಾ.”

ಮರುದಿನವೂ ಅವಳನ್ನೇ ಇಳಿಸಿದೆ. ಅದರ ಮರುದಿನವೂ.

ಮನೆಗೆ ಬಂದು ಅವ್ವನಿಗೆ ಹೇಳಿದಾಗ, ವಯಸ್ಸಾದವಳಿಗೆ ಹೀಗೆ ಮಾಡಬಾರದಿತ್ತು ಎಂದು ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

“ಬರಿಗೈಲೆ?”

“ಬರಿಗೈಲೆ.”

“ಮೊದಲಿಂದ ಇನ್ನೊಮ್ಮೆ ಹೇಳು,” ಎಂದಳು.