ಪಾರ್ವತಮ್ಮನ ಬಾಯಿಪಾಠ

ಚನ್ನರಾಯಪಟ್ಟಣದಲ್ಲಿ ಮಂಜುನಾಥನ ತೆಂಗಿನಕಾಯಿ ಮಂಡಿಯಿದೆ. ಅಲ್ಲಿ ಕಾಯಿ ಸುಲಿಯುವವರದ್ದು ಹಳೆಯದೊಂದು ವಾಡಿಕೆ. ಮಧ್ಯಾಹ್ನ ಒಬ್ಬರು ಕೂತು ಗಟ್ಟಿಯಾಗಿ ಪುಸ್ತಕ ಓದಬೇಕು. ಅವರ ಪಾಲಿನ ಕಾಯಿಯನ್ನು ಉಳಿದವರು ಸುಲಿದುಕೊಡಬೇಕು. ಮೊದಲು ಓದುತ್ತಿದ್ದವನು ಲಕ್ಕಯ್ಯ. ಅವನು ಹೋದಮೇಲೆ ಮಗಳು ಪಾರ್ವತಮ್ಮ. ಎರಡು ಮಕ್ಕಳಾದ ಮೇಲೆ ಹಟ ಹಿಡಿದು ಅಕ್ಷರ ಕಲಿತವಳು. ಕಲಿತದ್ದನ್ನು ಬಚ್ಚಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ.

ಅವಳು ಓದುತ್ತಿದ್ದದ್ದು ಅಪ್ಪ ಬಿಟ್ಟುಹೋದ ಒಂದೇ ಪುಸ್ತಕ, ಸ್ವಾತಂತ್ರ್ಯ ಚಳವಳಿಯ ಸಮಾಜವಾದಿಗಳ ಕಥೆ. ಜಯಪ್ರಕಾಶರು ಪಂಚೆಗೆ ಪಂಚೆ ಗಂಟು ಹಾಕಿ ಹಜಾರಿಬಾಗ್ ಜೈಲಿನ ಗೋಡೆ ದಾಟಿದ್ದನ್ನು ಓದಿದಾಗಲೆಲ್ಲ ಪಕ್ಕದ ಸಣ್ಣಕ್ಕ, "ಗಂಟು ಬಿಚ್ಕಂಡಿದ್ರೆ ಏನ್ ಗತಿಯಕ್ಕಾ?" ಎಂದು ಕೈಕೆಲಸ ನಿಲ್ಲಿಸುತ್ತಿದ್ದಳು. ಗೋಡೆ ದಾಟುವವರೆಗೂ ಮಂಜುನಾಥನ ಅಭ್ಯಂತರವೇನೂ ಇರಲಿಲ್ಲ. ಆಮೇಲೆ, ಹೆಣ್ಣು ಗಂಡು ಸಮ ಎಂದು ಲೋಹಿಯಾ ಹೇಳಿದ ಪುಟ ಬರುತ್ತಿತ್ತು. ವರ್ಷಗಟ್ಟಲೆ ಕೇಳಿಕೊಂಡು ಬಂದಿದ್ದ ಹೆಂಗಸರೆಲ್ಲ ಈ ಸಲ ಅದನ್ನು ಓದಿದ ಮರುದಿನವೇ ಗಂಡಸರಷ್ಟೇ ಕೂಲಿ ಕೇಳಿದರು. ಸಾಹುಕಾರನ ಪಿತ್ತ ನೆತ್ತಿಗೇರಿತು.

ಪುಸ್ತಕ ಕಿತ್ತುಕೊಂಡ. "ಇದು ಮಂಡಿ ಕಣಮ್ಮ, ಇಸ್ಕೂಲಲ್ಲ. ನಾಳೆಯಿಂದ ಓದಿದೋರು ಗೇಟಿಂದ ಆಚೆ" ಎಂದ.

ಆ ಸಂಜೆ ತನ್ನೂರು ಮೊಸಳೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಐವತ್ತೆಂಟರ ವಯಸ್ಸಿಗೆ ಬೇರೆ ಮಂಡಿಯವರು ಕೆಲಸ ಕೊಡುವುದಿಲ್ಲ. ಆದರೂ ಅಪ್ಪನ ಪುಸ್ತಕ ಸಾಹುಕಾರನ ಮೇಜಿನ ಮೇಲೆ ಬಿದ್ದಿರುವುದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಮಧ್ಯಾಹ್ನ ಅವಳು ಕೂರಲಿಲ್ಲ. ತನ್ನ ಪಾಲಿನ ಕಾಯಿ ತಾನೇ ಎತ್ತಿಕೊಂಡು, ನೆಲಕ್ಕೆ ಹೂತ ಕಬ್ಬಿಣದ ಮೊನೆಗೆ ಚುಚ್ಚಿ ಸಿಪ್ಪೆ ಸೀಳುತ್ತಾ ಬಾಯಿಬಿಟ್ಟಳು. ಪಂಚೆ, ಗಂಟು, ಗೋಡೆ, ಒಂದಕ್ಷರ ತಪ್ಪದೆ ಬಂತು. ಮೂವತ್ತು ವರ್ಷ ಓದಿದವಳಿಗೆ ಪುಸ್ತಕ ಯಾಕೆ ಬೇಕು? ಮಂಡಿಯೇ ಕಿವಿಯಾಯಿತು.

ಮಂಜುನಾಥ ಪುಸ್ತಕ ಹಿಡಿದೇ ಧಾವಿಸಿ ಬಂದ. "ಏಯ್, ಓದಬ್ಯಾಡ ಅಂದಿರ್ಲಿಲ್ವಾ?"

"ಎಲ್ಲಿ ಓದ್ತಾ ಇವ್ನಿ ಸಾ? ಪುಸ್ತಕ ನಿಮ್ ಕೈಲೈತೆ. ಕೆಲಸ ನನ್ ಕೈಲೈತೆ."

"ಬಾಯಿ ಮುಚ್ಚು. ಇಲ್ದಿದ್ರೆ ಓಗು ಆಚೆ!"

ಸಣ್ಣಕ್ಕನ ಕೈ ನಿಂತಿತು. ಅವಳ ಆಚೆಯವನದ್ದೂ ನಿಂತಿತು, ಹಾಗೇ ಇಡೀ ಸಾಲಿನದ್ದು. ಕಾಯಿ ತುಂಬಬೇಕಾದ ಲಾರಿ ಹೊರಗೆ ಹಾರನ್ ಹೊಡೆಯುತ್ತಿತ್ತು, ಒಳಗೆ ಯಾರೂ ಕಾಯಿ ಸುಲಿಯುತ್ತಿರಲಿಲ್ಲ. ಮಂಜುನಾಥ ಲಾರಿಯ ಕಡೆ ನೋಡಿದ, ಸಾಲಿನ ಕಡೆ ನೋಡಿದ.

ಪಾರ್ವತಮ್ಮ ಇನ್ನೊಂದು ಕಾಯಿ ಎತ್ತಿಕೊಂಡಳು.

"ಪುಸ್ತಕ ನಿಮ್ ತಾವೇ ಇರ್ಲಿ ಸಾ. ನಾನು ತಪ್ಪೇಳಿದ್ರೆ ನೋಡ್ಕಂಡು ತಿದ್ದಿ" ಎಂದವಳೇ, ಹೆಣ್ಣು ಗಂಡು ಸಮ ಎನ್ನುವ ಪುಟವನ್ನು ಮೊದಲಿನಿಂದ ಶುರು ಮಾಡಿದಳು.