ಲ್ಯಾಬ್ ಅಕ್ಕ ಹಿಡಿದ ತಪ್ಪು

ಈ ಚಳಿಗಾಲದಲ್ಲಿ ಮೊದಲ ಸಲ ರೂಮ್ ಹೀಟರ್ ಹಚ್ಚಿದಾಗ ಸುಟ್ಟ ಧೂಳಿನ ವಾಸನೆ ಬಂತು. ವರ್ಷವಿಡೀ ಮಂಚದ ಕೆಳಗೆ ಬಿದ್ದಿದ್ದ ಹೀಟರ್ ಮೊದಲ ಹತ್ತು ನಿಮಿಷ ಹಾಗೇ ನಾರುತ್ತದೆ. ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನನಗೆ ದಿಲ್ಲಿ ಪಕ್ಕದ ಗ್ರೇಟರ್ ನೋಯ್ಡಾದ ಆ ಲ್ಯಾಬ್ ನೆನಪಾಯಿತು. ಅಲ್ಲಿನ ದೊಡ್ಡ ಸರ್ವರ್ ಬಿಸಿಯಾದಾಗ ಇದೇ ವಾಸನೆ. ಅದರ ಪಕ್ಕದ ಕುರ್ಚಿಯಲ್ಲಿ, ಸ್ವೆಟರ್ ಮೇಲೊಂದು ಶಾಲು ಹೊದ್ದು ಕೂತಿರುತ್ತಿದ್ದ ಅಕ್ಕ…

ನಾನಾಗ ಅಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಅವರು ನಮ್ಮ ಲ್ಯಾಬಿನ ಇನ್‌ಸ್ಟ್ರಕ್ಟರ್. ಕೆಲಸ ಗುತ್ತಿಗೆಯದು, ಪ್ರತಿ ವರ್ಷ ನವೀಕರಣವಾಗಬೇಕು. ಕುಂದಾಪುರದ ಕಡೆಯವರು, ಗಂಡನ ಮನೆಯವರದು ದಿಲ್ಲಿಯ ಮಯೂರ್ ವಿಹಾರ್‌ನಲ್ಲಿ ಇಡ್ಲಿ-ದೋಸೆಯ ಹೋಟೆಲು. ನಾನೂ ಅಲ್ಲೇ ಬಾಡಿಗೆಗಿದ್ದೆ, ಇಬ್ಬರದೂ ಒಂದೇ ಕಾಲೇಜು ಬಸ್ಸು. ಎಲ್ಲರೆದುರು ಮೇಡಂ ಅನ್ನುತ್ತಿದ್ದೆ, ಬಸ್ಸಿನಲ್ಲಿ ಅಕ್ಕ. ಮಧ್ಯಾಹ್ನ ನನ್ನ ಡಬ್ಬಿಗೆ ಇಣುಕಿ, "ಇವತ್ತೂ ಬ್ರೆಡ್ಡಾ?" ಅಂತ ತಮ್ಮದರಲ್ಲಿ ಅರ್ಧ ಬಡಿಸುತ್ತಿದ್ದರು.

ನನ್ನ ಕೆಲಸ ಹೀಗಿತ್ತು. ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳನ್ನು ಕರ್ನಲ್ ಅನ್ನುತ್ತಾರೆ. ಒಂದೇ ಯಂತ್ರದಲ್ಲಿ ಹತ್ತಾರು ಪ್ರೊಸೆಸರ್‌ಗಳಿದ್ದು, ಕರ್ನಲ್‌ನ ಒಂದೇ ಪಟ್ಟಿಯನ್ನು ತಿದ್ದಲು ಎಲ್ಲವೂ ಒಟ್ಟಿಗೆ ನುಗ್ಗಿದರೆ ಪಟ್ಟಿ ಕೆಡುತ್ತದೆ. ಅದಕ್ಕೇ ಪಟ್ಟಿಗೊಂದು ಲಾಕ್. ಒಂದು ಒಳಗಿರುವಾಗ ಉಳಿದವು ಹೊರಗೆ ಕಾಯಬೇಕು. ಎಷ್ಟು ಹೊತ್ತು ಕಾಯುತ್ತವೆಂದು ಅಳೆಯಲು ನಾನೊಂದು ಪ್ರೋಗ್ರಾಂ ಬರೆದಿದ್ದೆ. ಪ್ರೊಸೆಸರ್ ಹೆಚ್ಚಿದಂತೆಲ್ಲ ಗ್ರಾಫಿನಲ್ಲಿ ಕಾಯುವ ಸಮಯ ಗೋಡೆಯ ಹಾಗೆ ಎದ್ದು ನಿಲ್ಲುತ್ತಿತ್ತು. ಗೈಡ್ ಅದನ್ನು ನೋಡಿ ನನ್ನ ಬೆನ್ನು ತಟ್ಟಿದರು. ಪ್ರಬಂಧ ಒಂದು ಸಮ್ಮೇಳನಕ್ಕೆ ಹೋಯಿತು, ಸ್ವೀಕಾರವೂ ಆಯಿತು. ಊರಿಗೆ ಫೋನ್ ಮಾಡಿ ಹೇಳಿದ್ದೆ.

ಆಮೇಲೊಂದು ಸಂಜೆ ಬಸ್ಸಿನಲ್ಲಿ ಅಕ್ಕ ಮೆಲ್ಲಗೆ ಕೇಳಿದರು.

"ನಿನ್ನ ಅಳೆಯೋ ಪ್ರೋಗ್ರಾಂ ಆಫ್ ಮಾಡಿ ಓಡಿಸಿ ನೋಡಿದ್ದೀಯಾ? ನಾನಿವತ್ತು ನೋಡಿದೆ. ಅದೇ ಕೆಲಸ ಅರ್ಧ ಹೊತ್ತಲ್ಲಿ ಮುಗೀತು ಮಾರಾಯ."

ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗದವನಂತೆ ಕೂತೆ.

"ನಮ್ಮ ಸೊಸೈಟಿ ಗೇಟಲ್ಲಿ ಗಾಡಿಗಳು ಯಾಕೆ ನಿಲ್ತವೆ ಅಂತ ನೋಡೋಕೆ ಗಾರ್ಡ್ ಭಯ್ಯಾ ಒಂದು ರಿಜಿಸ್ಟರ್ ಇಟ್ಟ. ಪ್ರತಿಯೊಬ್ಬರೂ ಇಳಿದು ಟೈಮ್ ಬರೀಬೇಕು. ಅಚ್ಛಾ, ಈಗ ಜಾಮ್ ಆಗ್ತಿರೋದೇ ಆ ರಿಜಿಸ್ಟರಿಂದ. ನಿಂದೂ ಹಾಗೇ. ಕಾದ ಹೊತ್ತನ್ನು ಬರೆಯೋಕೆ ನೀನಿಟ್ಟದ್ದು ಒಂದೇ ಜಾಗ. ಅಲ್ಲಿ ಬರೆಯೋಕೇ ಎಲ್ಲವೂ ಕಾಯ್ತಿವೆ."

ಮರುದಿನ ಒಬ್ಬನೇ ಕೂತು ಪರೀಕ್ಷಿಸಿದೆ. ಪ್ರತಿ ಪ್ರೊಸೆಸರಿಗೂ ಬರೆಯಲು ಬೇರೆ ಜಾಗ ಕೊಟ್ಟೆ. ಗೋಡೆ ಮಾಯವಾಯಿತು, ಗ್ರಾಫ್ ಚಪ್ಪಟೆಯಾಗಿ ಮಲಗಿಬಿಟ್ಟಿತು. ಕರ್ನಲ್‌ನ ದೋಷವೆಂದು ನಾನು ಬರೆದು ಕಳಿಸಿದ್ದೆಲ್ಲ ನಾನೇ ತಂದಿಟ್ಟದ್ದಾಗಿತ್ತು.

"ಗೈಡ್‌ಗೆ ಈಗಲೇ ಹೇಳು. ಹೆದರಿಕೆಯಾದ್ರೆ ನಾನೂ ಜೊತೆಗೆ ಬರ್ತೇನೆ," ಅಂದರು ಅಕ್ಕ.

ಸಮ್ಮೇಳನ ಮುಗಿಸಿ ಬಂದಮೇಲೆ ಹೇಳುತ್ತೇನೆ ಅಂದೆ. ಹೋದೆ, ಪ್ರಬಂಧ ಮಂಡಿಸಿದೆ, ಚಪ್ಪಾಳೆ ತಟ್ಟಿಸಿಕೊಂಡು ಬಂದೆ. ಹೇಳಲಿಲ್ಲ. ಅಕ್ಕ ಎರಡು ಸಲ ನೆನಪಿಸಿ ಸುಮ್ಮನಾದರು. ಡಬ್ಬಿಯಲ್ಲಿ ನನ್ನ ಪಾಲು ಕೊಡುವುದನ್ನು ಮಾತ್ರ ಬಿಡಲಿಲ್ಲ…

ಕೆಲವು ತಿಂಗಳ ನಂತರ ಬೇರೆ ಊರಿನ ಸಂಶೋಧಕರೊಬ್ಬರು ಗೈಡ್‌ಗೆ ಬರೆದರು: ನಿಮ್ಮ ಪ್ರಯೋಗವನ್ನು ನಾವೂ ಮಾಡಿದೆವು, ನಮಗೆ ಅಂಥದ್ದೇನೂ ಕಾಣಲಿಲ್ಲ. ಗೈಡ್ ನನ್ನನ್ನು ಕರೆದು ಬಾಗಿಲು ಹಾಕಿದರು. ಏನಿದು ಎಂದು ಅವರು ಕೇಳುವಷ್ಟರಲ್ಲಿ, ಮೆಷಿನ್ನಿನ ಸೆಟಿಂಗ್ ಎಲ್ಲ ಲ್ಯಾಬ್ ಸ್ಟಾಫ್ ನೋಡಿಕೊಳ್ಳುತ್ತಿದ್ದರು ಅಂದುಬಿಟ್ಟೆ. ಅಕ್ಕನೂ ಅಲ್ಲ, ಮೇಡಂ ಕೂಡ ಅಲ್ಲ. ಲ್ಯಾಬ್ ಸ್ಟಾಫ್.

ಅವರನ್ನು ಕರೆಸಿದರು. ಅಕ್ಕ ದನಿ ಏರಿಸದೆ ಹಿಂದಿಯಲ್ಲಿ ಹೇಳಿದರು. ಸೆಟಿಂಗ್ ಸರಿಯಾಗಿಯೇ ಇತ್ತು, ತಪ್ಪು ಎಲ್ಲಿದೆಯೆಂದು ಇವನಿಗೆ ಆಗಲೇ ತೋರಿಸಿದ್ದೇನೆ, ಬೇಕಾದರೆ ಇವನನ್ನೇ ಕೇಳಿ. ಗೈಡ್ ನನ್ನತ್ತ ತಿರುಗಿದರು.

"ಹಾಗೆ ಹೇಳಿದ್ದು ನೆನಪಿಲ್ಲ ಸರ್," ಅಂದೆ.

ಅಕ್ಕ ನನ್ನನ್ನು ನೋಡಿದರು. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಪರಿಚಿತನನ್ನು ನೋಡುವ ಹಾಗೆ, ಒಂದೇ ಸಲ…

ಪ್ರಬಂಧವನ್ನು ವಾಪಸು ತೆಗೆದುಕೊಂಡೆವು. ಬರೆದುಕೊಟ್ಟ ಕಾರಣ, ಯಂತ್ರದ ಸೆಟಿಂಗಿನಲ್ಲಾದ ಲೋಪ. ಆ ವರ್ಷ ಅಕ್ಕನ ಗುತ್ತಿಗೆ ನವೀಕರಣವಾಗಲಿಲ್ಲ. ಅವರು ಬಸ್ಸಿನಲ್ಲಿ ಹೇಳಿಕೊಟ್ಟದ್ದನ್ನೇ ಬೆಳೆಸಿ ಇನ್ನೊಂದು ಪ್ರಬಂಧ ಬರೆದು ನಾನು ಡಾಕ್ಟರ್ ಆದೆ. ಅದರ ಕೃತಜ್ಞತೆಯ ಪುಟದಲ್ಲಿ ಊಟದ ಮೆಸ್ಸಿನವರನ್ನೂ ನೆನೆದಿದ್ದೇನೆ, ಅಕ್ಕನನ್ನು ನೆನೆದಿಲ್ಲ.

ಕೆಲಸ ಸಿಕ್ಕಿ ಎರಡು ವರ್ಷವಾದ ಮೇಲೆ ಧೈರ್ಯ ಮಾಡಿ ಅವರ ಹೋಟೆಲಿಗೆ ಹೋದೆ. ಅಕ್ಕ ಕೌಂಟರಿನಲ್ಲಿದ್ದರು. ಒಳಗಿನ ಅಡುಗೆಯವರಿಗೆ, "ಸಾಂಬಾರ್ ಬಿಸಿ ಮಾಡಿ," ಅಂತ ಕನ್ನಡದಲ್ಲಿ ಕೂಗಿ ಈಚೆ ತಿರುಗಿದರು.

"ಅಕ್ಕಾ, ನಾನು…"

"ಜೀ ಭಯ್ಯಾ, ಬೋಲಿಯೇ. ಕ್ಯಾ ಲೇಂಗೇ?" ಏನು ಕೊಡಲಿ ಎಂದು ಹಿಂದಿಯಲ್ಲಿ ಕೇಳಿದರು.

ಕ್ಷಮೆ ಕೇಳಲು ಹೋದವನು ಮಸಾಲೆ ದೋಸೆ ಹೇಳಿದೆ. ತಿಂದು ಎದ್ದು ಬಂದೆ.

ಹೀಟರ್ ಹಚ್ಚಿದ ಮರುದಿನ ಮತ್ತೆ ಹೋಗಿದ್ದೆ. ಅಲ್ಲೀಗ ಕನ್ನಡಕದ ಅಂಗಡಿ. ಪಕ್ಕದ ಪಾನ್ ಅಂಗಡಿಯವನು, "ವೋ ಲೋಗ್ ತೋ ಕಬ್ ಕೇ ಚಲೇ ಗಯೇ," ಅಂದ. ಅವರು ಬಿಟ್ಟು ಹೋಗಿ ಎಷ್ಟೋ ಕಾಲವಾಯಿತಂತೆ, ಎಲ್ಲಿಗೆ ಹೋದರೋ ಅವನಿಗೂ ತಿಳಿಯದು. ಮನೆಗೆ ಬಂದು, ನಿವೃತ್ತರಾಗಿರುವ ಗೈಡ್‌ಗೆ ಎಲ್ಲವನ್ನೂ ಬರೆದೆ. ತಪ್ಪು ನನ್ನದು, ಅದನ್ನು ಹಿಡಿದವರು ಲ್ಯಾಬಿನ ಮೇಡಂ, ನಿಮ್ಮ ಕೋಣೆಯಲ್ಲಿ ನಾನು ಸುಳ್ಳು ಹೇಳಿದೆ. ಅಕ್ಕನ ಹೆಸರನ್ನು ಪೂರ್ತಿಯಾಗಿ, ಗಂಡನ ಮನೆತನದ ಹೆಸರಿನ ಸಮೇತ ಬರೆದೆ.

ಸಂಜೆಯೇ ಉತ್ತರ ಬಂತು. ಹಳೆಯ ಮಾತು, ಬಿಟ್ಟುಬಿಡು, ಈ ಹೊಗೆಗಾಳಿಯಲ್ಲಿ ಬೆಳಗಿನ ವಾಕಿಂಗ್ ಹೋಗಬೇಡ ಎಂದೆಲ್ಲ ಇತ್ತು. ಕೊನೆಗೊಂದು ಸಾಲು: ಈ ಹೆಸರಿನವರು ನಮ್ಮ ಲ್ಯಾಬಿನಲ್ಲಿ ಇದ್ದರೇ? ನನಗೆ ನೆನಪಾಗುತ್ತಿಲ್ಲ.